ಐದನೆಯ ಉಬ್ಬು

ಎರಡು ವರ್ಷ ತುಂಬುವುದರೊಳಗೆ ನೀವು ಯಾರ ಯಾರ ಎದೆಹಾಲು ಕುಡಿದಿದ್ದೀರಿ, ಎಷ್ಟೆಷ್ಟು ಸಲ ಕುಡಿದಿದ್ದೀರಿ ಎಂಬುದನ್ನು ಒಂದು ಹನಿ ರಕ್ತದಲ್ಲಿ ಓದಿ ಹೇಳುವ ಯಂತ್ರ ಬಂದರೆ ಏನಾದೀತು? ಎಷ್ಟೋ ಮನೆಗಳಲ್ಲಿ ಏನೂ ಆಗಲಿಕ್ಕಿಲ್ಲ. ಊಟಕ್ಕೆ ಕೂತಾಗ ನಗಲಿಕ್ಕೆ ಒಂದು ವಿಷಯ ಸಿಕ್ಕೀತು, ಅಷ್ಟೆ. ಆದರೆ ನೇತ್ರಾವತಿಯ ಆಚೆ ದಡದ ಬ್ಯಾರಿ ಮುಸಲ್ಮಾನರ ಮನೆಗಳಲ್ಲಿ, ಆ ಯಂತ್ರ ಬಂದ ಮೂರೇ ವರ್ಷಕ್ಕೆ ಹನ್ನೊಂದು ಮದುವೆಗಳು ಮುರಿದವು. ಮುರಿದವು ಅನ್ನುವುದೂ ತಪ್ಪು. ತಲಾಕ್ ಆದರೆ ಅದು ಮುರಿದದ್ದು. ಇವು ಮೊದಲಿನಿಂದಲೂ ಮದುವೆಗಳೇ ಆಗಿರಲಿಲ್ಲ ಎಂದು ತೀರ್ಮಾನವಾಯಿತು.

ಹೆತ್ತವಳಲ್ಲದ ಒಬ್ಬ ಹೆಂಗಸು ಮಗುವಿಗೆ ಎದೆಹಾಲು ಕೊಟ್ಟರೆ ಅವಳು ಆ ಮಗುವಿಗೆ ಹಾಲಿನ ತಾಯಿ. ಅವಳ ಮಕ್ಕಳೆಲ್ಲ, ಮುಂದೆ ಹುಟ್ಟುವವರೂ ಸೇರಿ, ಆ ಮಗುವಿಗೆ ಅಣ್ಣ ತಮ್ಮ, ಅಕ್ಕ ತಂಗಿ. ಅವರೊಳಗೆ ನಿಕಾಹ್ ಹರಾಮ್. ಎಷ್ಟು ಸಲ ಕುಡಿದರೆ ಈ ಸಂಬಂಧ ಬಿಗಿಯುತ್ತದೆ ಎನ್ನುವಲ್ಲಿ ಮಾತ್ರ ಪಂಗಡಕ್ಕೊಂದು ಮಾತು. ಹನಫಿಗಳಿಗೆ ಒಂದು ಗುಟುಕು ಸಾಕು. ಬ್ಯಾರಿಗಳು ಶಾಫಿಗಳು, ಅವರಿಗೆ ಬೇರೆ ಬೇರೆಯಾಗಿ ಐದು ಸಲ ಕುಡಿದಿರಬೇಕು. ನಾಲ್ಕಾದರೆ ಹಲಾಲ್, ಐದಾದರೆ ಹರಾಮ್. ಹಾಗಾಗಿ ಇಲ್ಲಿ ಯಂತ್ರಕ್ಕೆ ಎಣಿಸುವ ಕೆಲಸ.

ಆ ಯಂತ್ರವನ್ನು ನಡೆಸುವವಳು ಮಿಸ್ರಿಯಾ. ಜಮಾಅತಿನವರ ಸಂತಾನ ಚಿಕಿತ್ಸಾ ಕೇಂದ್ರದ ಎರಡನೆಯ ಮಹಡಿಯಲ್ಲಿ ಅವಳ ಕೋಣೆ. ಮಹಾ ಮಾತುಗಾತಿ. ಸೂಜಿ ಕಂಡು ಬೆವರುವ ಗಂಡಸರ ಬೆರಳು ಹಿಡಿದುಕೊಂಡು, "ಬಿಸ್ಮಿ ಹೇಳಿ ಕಾಕ, ಇರುವೆ ಕಚ್ಚಿದಷ್ಟೇ. ಮೀಸೆ ಇಷ್ಟು ದೊಡ್ಡದುಂಟು, ಧೈರ್ಯ ಇಷ್ಟೇ ಎಂತ?" ಎನ್ನುತ್ತಲೇ ರಕ್ತ ತೆಗೆದು ಮುಗಿಸುವವಳು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧ: "ಹಾಲಲ್ಲಿ ಜೀವ ಇರುವ ಕಣಗಳುಂಟು. ಅವು ಮಗುವಿನ ಹೊಟ್ಟೆ ದಾಟಿ ಎಲುಬಿನ ಒಳಗೆ ಹೋಗಿ ಕೂತ್ಕೊಳ್ತವೆ, ಸಾಯುವವರೆಗೆ ಅಲ್ಲೇ. ಒಂದೊಂದು ಸಲ ಕುಡಿದಾಗ ಒಂದೊಂದು ಗುಂಪು ಬರ್ತದೆ. ದೇಹ ಒಂದೊಂದು ಗುಂಪಿಗೂ ಒಂದೊಂದು ಗುರುತು ಹಾಕಿ ಇಟ್ಟಿರ್ತದೆ. ನಾವು ಆ ಗುರುತು ಎಣಿಸುದು." ಪರದೆಯ ಮೇಲೆ ಒಂದು ನೇರ ಗೆರೆ ಬರುತ್ತದೆ, ಒಂದೊಂದು ಗುರುತಿಗೆ ಒಂದೊಂದು ಉಬ್ಬು. ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿಯುವ ಒಂದು ಎಳೆ ಆ ಕಣಗಳಲ್ಲಿರುವುದರಿಂದ ಹಾಲು ಯಾರದ್ದೆಂಬುದೂ ತಿಳಿಯುತ್ತದೆ. ಎಣಿಸಿ, ಮುದ್ರಿಸಿ, ಮಸೀದಿಯ ಖತೀಬ್ ಹಂಝ ಉಸ್ತಾದರ ಸಹಿ ಬಿದ್ದರೆ ಅದಕ್ಕೆ ಹಾಲುಪತ್ರ ಎಂದು ಹೆಸರು. ಹಾಲುಪತ್ರ ಇಲ್ಲದೆ ಈಗ ನಿಕಾಹ್ ಇಲ್ಲ.

ಈ ವರ್ಷದಿಂದ ಇನ್ನೊಂದು ನಿಯಮ ಬಂತು. ನಸಬ್, ಅಂದರೆ ವಂಶದ ಎಳೆ, ಅದರಲ್ಲಿ ಗಂಟು ಬೀಳಬಾರದು ಎಂಬುದೇ ಆ ಕೇಂದ್ರದ ಬುನಾದಿ. ಅಲ್ಲಿ ಇನ್ನೊಬ್ಬರ ವೀರ್ಯ ಇಲ್ಲ, ಇನ್ನೊಬ್ಬಳ ಅಂಡ ಇಲ್ಲ, ಇನ್ನೊಬ್ಬಳ ಗರ್ಭ ಇಲ್ಲ. ಗಂಡನದು, ಹೆಂಡತಿಯದು, ಅದೂ ನಿಕಾಹ್ ಇರುವಷ್ಟು ದಿನ ಮಾತ್ರ. ಹಾಗಿದ್ದ ಮೇಲೆ ನಿಕಾಹೇ ಸರಿಯಾ ಎಂದು ಮೊದಲು ನೋಡಬೇಡವೇ? ಯಂತ್ರ ಬರುವ ಮೊದಲು ಮದುವೆಯಾದವರೂ ಹಾಲುಪತ್ರ ತಂದ ಮೇಲೆಯೇ ಭ್ರೂಣವನ್ನು ಗರ್ಭಕ್ಕೆ ಸೇರಿಸುವುದೆಂದು ತೀರ್ಮಾನವಾಯಿತು. ಮದುವೆ ಅಸಿಂಧು ಎಂದಾದರೆ, ಹೆಪ್ಪುಗಟ್ಟಿಸಿಟ್ಟ ಭ್ರೂಣದ ಕೊಳವೆಯನ್ನು ಹೊರಗೆ ತೆಗೆದು, ಇಬ್ಬರ ಎದುರಿಗೆ ಮೇಜಿನ ಮೇಲಿಟ್ಟು ಹಾಗೇ ಬಿಡುತ್ತಾರೆ. ಕರಗಲು ಎರಡು ನಿಮಿಷ ಸಾಕು.

ಮಿಸ್ರಿಯಾಳದ್ದೂ ಒಂದು ಕೊಳವೆ ಅಲ್ಲಿತ್ತು. ಮದುವೆಯಾಗಿ ಎಂಟು ವರ್ಷ. ಮೂರು ಭ್ರೂಣಗಳಲ್ಲಿ ಎರಡು ಗರ್ಭ ಕಚ್ಚಲಿಲ್ಲ. ನಡುವೆ ಗಡ್ಡೆಯಾಗಿ ಎರಡೂ ಅಂಡಾಶಯಗಳನ್ನು ತೆಗೆಯಬೇಕಾಯಿತು. ಇನ್ನು ಹೊಸ ಅಂಡದ ಮಾತೇ ಇಲ್ಲ. ಉಳಿದದ್ದು ಒಂದು. ಬರುವ ಗುರುವಾರಕ್ಕೆ ದಿನ ಗೊತ್ತಾಗಿತ್ತು.

"ನನ್ನ ರಕ್ತ ನೀನೇ ತೆಗೀತೀಯಾ?" ಎಂದು ನಕ್ಕ ಗಂಡ ಸಿನಾನ್. ಮೀನಿನ ದಕ್ಕೆಯಲ್ಲಿ ಐಸ್ ಪ್ಲಾಂಟ್ ನೋಡಿಕೊಳ್ಳುವವನು. ಮನೆಗೆ ಬಂದರೂ ಅವನ ಅಂಗೈ ತಣ್ಣಗೇ ಇರುತ್ತಿತ್ತು.

"ಎಂಟು ವರ್ಷದಿಂದ ಹೀರ್ತಾ ಇದ್ದೇನಲ್ಲ, ಇನ್ನೊಂದು ಹನಿ," ಎಂದಳು ಮಿಸ್ರಿಯಾ.

"ನೋಡು ಮಾರಾಯ್ತಿ, ತಮಾಷೆ ಬೇರೆ. ಪತ್ರ ಸರಿ ಬರದಿದ್ರೆ ನಾನು ಮುಂದೆ ಹೆಜ್ಜೆ ಇಡುವವನಲ್ಲ. ಮಗು ಬೇಕು, ಆದ್ರೆ ನಾಳೆ ಅದರ ನಸಬಿನ ಬಗ್ಗೆ ಯಾರೂ ಬೆರಳು ತೋರಿಸ್ಬಾರ್ದು."

"ನೀನು ನಿನ್ನ ಉಮ್ಮನ ಹಾಲಲ್ಲದೆ ಬೇರೆ ಯಾರದ್ದು ಕುಡ್ದಿದ್ದಿ? ಐಸ್ ಕ್ಯಾಂಡಿ ಕುಡ್ದಿರ್ಬೇಕು," ಎಂದು ಅವಳು ಅವನ ಬೆರಳಿಗೆ ಹತ್ತಿ ಒತ್ತಿದಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಪರದೆಯ ಮೇಲೆ ಗೆರೆ ಮೂಡಿತು. ತಾಯಿಯ ಹಾಲಿನ ಗುರುತುಗಳನ್ನು ಯಂತ್ರ ತಾನೇ ಬದಿಗಿಡುತ್ತದೆ. ಅವು ಹೋದ ಮೇಲೂ ಐದು ಉಬ್ಬು ಉಳಿದವು. ಕೆಳಗೆ ಎಳೆಯ ಹೋಲಿಕೆ: ಹೆಂಡತಿಯ ತಾಯಿ.

ಮಿಸ್ರಿಯಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅವಳ ಉಮ್ಮ ತೀರಿಹೋಗಿ ಹದಿನಾಲ್ಕು ವರ್ಷವಾಗಿತ್ತು. ಸಿನಾನ್‌ನನ್ನು ಉಮ್ಮ ಕಂಡದ್ದೇ ಇಲ್ಲ ಎಂದು ಅವಳು ತಿಳಿದಿದ್ದಳು. ಇನ್ನೊಂದು ಹನಿ ಹಾಕಿ ನೋಡಿದಳು. ಐದೇ. ಕೊನೆಯ ಉಬ್ಬು ಸಣ್ಣದು, ನಾಲ್ಕನೆಯದರ ಮಗ್ಗುಲಿಗೆ ಆತುಕೊಂಡು ಕೂತಿತ್ತು. ಆದರೆ ಯಂತ್ರದ ಲೆಕ್ಕದಲ್ಲಿ ಸಣ್ಣದು ದೊಡ್ಡದು ಇಲ್ಲ. ಎರಡು ಉಬ್ಬುಗಳ ನಡುವೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ ಅವು ಎರಡು ಸಲ ಕುಡಿದದ್ದು. ಕಡಿಮೆ ಇದ್ದರೆ ಒಂದೇ ಸಲ.

ಆ ಹದಿನೈದನ್ನು ಹೇಳಿದವಳು ಅವಳೇ. ಮೂರು ವರ್ಷದ ಹಿಂದೆ ಯಂತ್ರ ತಂದ ಹೊಸತರಲ್ಲಿ ಮೇಜಿನ ಸುತ್ತ ಏಳು ಮಂದಿ ಉಸ್ತಾದರು, ಮೂವರು ವೈದ್ಯರು, ಎಲ್ಲರೂ ಗಂಡಸರು. ಒಂದು ಸಲ ಕುಡಿಯುವುದು ಅಂದರೆ ಎಷ್ಟು ಹೊತ್ತು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಹೆಂಗಸರಿಗೆ ಗೊತ್ತಿರುವ ವಿಷಯ. ನೀವೇ ಹೇಳಿಯಮ್ಮ," ಎಂದರು ಹಂಝ ಉಸ್ತಾದರು. ನಾನು ಹಾಲು ಕೊಟ್ಟವಳಲ್ಲ, ನನಗೆ ಗೊತ್ತಿಲ್ಲ ಎಂದು ಹತ್ತು ಗಂಡಸರ ಎದುರು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಹೆರಿಗೆ ವಾರ್ಡಿನ ಗೋಡೆಯ ಹಾಳೆಯಲ್ಲಿ ಹದಿನೈದು ನಿಮಿಷ ಎಂದು ಓದಿದ್ದು ನೆನಪಾಯಿತು. "ಹದಿನೈದು," ಎಂದಳು. ಅದೇ ನಿಂತಿತು.

ತಲೆನೋವೆಂದು ಹೇಳಿ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಅತ್ತೆ ಕೈಜಮ್ಮ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು ಬಂಗುಡೆ ಹಸನು ಮಾಡುತ್ತಿದ್ದರು. ಏಳು ಮಕ್ಕಳನ್ನು ಹೆತ್ತ ಹೆಂಗಸು.

"ಮಾಮಿ, ಇವರು ಹುಟ್ಟಿದಾಗ ನೀವಲ್ಲದೆ ಬೇರೆ ಯಾರಾದ್ರೂ ಹಾಲು ಕೊಟ್ಟಿದ್ರಾ?"

"ಕೊಟ್ಟಿದ್ರು. ಯಾಕೆ ಕೇಳ್ತೀ?" ಅತ್ತೆ ಮೀನಿನ ಕಿವಿರು ಕಿತ್ತರು. "ಹೆತ್ತ ಮರುದಿನವೇ ನನಗೆ ಜ್ವರ. ಮೈಮೇಲೆ ಪ್ರಜ್ಞೆ ಇರ್ಲಿಲ್ಲ. ಇವ ಕಿರುಚಿ ಕಿರುಚಿ ವಾರ್ಡನ್ನೇ ತಲೆ ಮೇಲೆ ಹೊತ್ತಿದ್ದ. ಪಕ್ಕದ ಮಂಚದಲ್ಲಿ ಒಬ್ಳು ಬಾಣಂತಿ, ನಮ್ಮವಳೇ, ಪಾಪ, ತನ್ನ ಮಗುವಿನ ಜೊತೆ ಇವನನ್ನೂ ಎತ್ತಿಕೊಂಡ್ಳಂತೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ನನ್ನ ಅಕ್ಕ ಪಕ್ಕದಲ್ಲೇ ಇದ್ದು ಎಣಿಸಿದ್ಳು. ಮೂರು. ಐದಾಗ್ಬಾರ್ದು ಅಂತ ಆಗಿನವರಿಗೂ ಗೊತ್ತಿತ್ತು ಮಾರಾಯ್ತಿ, ಯಂತ್ರ ಇಲ್ಲದಿದ್ರೂ. ಹೆಸರು ಕೇಳ್ಲಿಕ್ಕೆ ಮಾತ್ರ ಮರ್ತಳು."

ಮಿಸ್ರಿಯಾ ಅವರ ಪಕ್ಕಕ್ಕೆ ಬಂದು ಕೂತಳು. "ಮೂರಾ? ಸರಿ ನೆನಪುಂಟಾ?"

"ಅಕ್ಕ ಸಾಯುವವರೆಗೂ ಹೇಳ್ತಿದ್ಳು."

"ಮಾಮಿ, ಮಗು ಒಂದು ಸಲ ಕುಡಿಯುದು ಅಂದ್ರೆ ಹದಿನೈದು ನಿಮಿಷ ಅಲ್ವಾ?"

ಕೈಜಮ್ಮ ಕತ್ತಿ ಕೆಳಗಿಟ್ಟು ನಕ್ಕರು. ನಗು ತಡೆಯಲಾಗದೆ ತೋಳಿನಿಂದ ಕಣ್ಣು ಒರೆಸಿಕೊಂಡರು. "ಹದಿನೈದು ಒಂದು ಬದಿ! ನಿನಗೆ ಯಾರು ಹೇಳಿದ್ರು? ಒಂದು ಬದಿ ಕುಡಿಸ್ಬೇಕು, ಎತ್ತಿ ಹೆಗಲಿಗೆ ಹಾಕಿ ತೇಗಿಸ್ಬೇಕು, ಆಗ ಅದು ಕಕ್ಕುತ್ತದೆ, ಇಲ್ಲದಿದ್ರೆ ನಿನ್ನ ಮೇಲೇ ಉಚ್ಚೆ ಹೊಯ್ಯುತ್ತದೆ, ಬಟ್ಟೆ ಬದಲಿಸ್ಬೇಕು, ಮತ್ತೆ ಇನ್ನೊಂದು ಬದಿಗೆ ಹಾಕ್ಬೇಕು. ಇಷ್ಟೂ ಒಂದೇ ಸಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೋಗ್ತದೆ. ಎರಡೂ ಬದಿ ಖಾಲಿ ಮಾಡದಿದ್ರೆ ಎದೆ ಕಲ್ಲಾಗ್ತದೆ ಹುಡುಗಿ. ಇರ್ಲಿ, ಗುರುವಾರ ಕಳೀಲಿ, ನಿನಗೇ ಗೊತ್ತಾಗ್ತದೆ, ಇನ್ಶಾ ಅಲ್ಲಾಹ್."

ಗೋಡೆಯ ಹಾಳೆಯಲ್ಲಿ ಹದಿನೈದು ನಿಮಿಷದ ಮುಂದೆ ಇನ್ನೂ ಏನೋ ಬರೆದಿತ್ತು. ಅದು ಒಂದು ಬದಿಗೆ ಎಂದಿರಬೇಕು. ಓದಿದಾಗ ಅವಳಿಗೆ ಅದು ಬೇಕಿರಲಿಲ್ಲ.

ಸಂತೋಷ ಮೊದಲು ಬಂತು. ಐದಲ್ಲ, ಮೂರು. ಎರಡು ಸಲ ಎರಡೂ ಬದಿ, ಒಂದು ಸಲ ಒಂದೇ ಬದಿ. ಗಂಡ ಗಂಡನೇ, ಕೊಳವೆಯಲ್ಲಿರುವ ಜೀವ ತಮ್ಮದೇ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಸುಮ್ಮನೆ ಅತ್ತಳು. ಮುಖ ಒರೆಸಿಕೊಳ್ಳುವಾಗ ಝುಬೈದಾಳ ನೆನಪಾಯಿತು.

ಝುಬೈದಾ ಆ ಹನ್ನೊಂದರಲ್ಲಿ ಒಬ್ಬಳು. ಮಗುವಾಗಿದ್ದಾಗ ಪಕ್ಕದ ಮನೆಯ ಹೆಂಗಸು ಅವಳಿಗೆ ಹಾಲು ಕೊಟ್ಟದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೂರೇ ಸಲ ಎಂದು ಹಿರಿಯರೆಲ್ಲ ಹೇಳಿದ ಮೇಲೆಯೇ ಆ ಹೆಂಗಸಿನ ಮಗ ಅಶ್ಫಾಕ್‌ಗೆ ಅವಳನ್ನು ಕೊಟ್ಟದ್ದು. ಹೊಸದಾಗಿ ಯಂತ್ರ ಬಂದಾಗ, ಯಾರೂ ಬೆರಳು ತೋರಿಸಬಾರದೆಂದು ಅವರಾಗಿಯೇ ಪರೀಕ್ಷೆಗೆ ಬಂದರು. ಆಗ ಝುಬೈದಾ ಐದು ತಿಂಗಳ ಬಸುರಿ. ಯಂತ್ರ ಆರು ಎಂದಿತು. ಅಶ್ಫಾಕ್‌ನ ಮುದಿ ತಾಯಿ ಕುರ್‌ಆನ್ ಮುಟ್ಟಿ ಹೇಳುತ್ತೇನೆಂದು ಎದ್ದು ನಿಂತಿದ್ದರು. "ಮೂರೇ ಸಲ ಮಗಳೇ, ಮೂರೇ." ಅವರನ್ನು ಕುರ್ಚಿಗೆ ಕೂರಿಸಿ, ಕೈಗೆ ನೀರು ಕೊಟ್ಟು, ಯಂತ್ರ ಸುಳ್ಳು ಹೇಳುವುದಿಲ್ಲ ಉಮ್ಮ, ನಿಮಗೆ ಪ್ರಾಯ ಆಯ್ತಲ್ಲ ಎಂದು ಸಮಾಧಾನ ಮಾಡಿದವಳು ಮಿಸ್ರಿಯಾ. ಆ ಮುದುಕಿ ಅದಾಗಿ ನಾಲ್ಕು ತಿಂಗಳಷ್ಟೇ ಬದುಕಿದ್ದರಂತೆ.

ಹೇಳಿಬಿಡಬೇಕೆಂದೇ ಸಂಜೆ ಅವಳು ಝುಬೈದಾಳ ಮನೆಗೆ ಹೋದಳು. ಝುಬೈದಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಡಿಲ ತುಂಬ ನೀಲಿ ರೇಷ್ಮೆ.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಇದಾ? ಕಾಕನ ಹೆಂಡತಿದ್ದು. ಅವಳ ತಂಗಿಯ ಮದುವೆಗೆ." ಬ್ಯಾರಿ ಮಾತಿನಲ್ಲಿ ಕಾಕ ಎಂದರೆ ಅಣ್ಣ; ಅದು ಅಶ್ಫಾಕ್. ಅವನು ಮತ್ತೆ ಮದುವೆಯಾಗಿ ಎರಡು ವರ್ಷ. ಹಾಲಿನ ಅಣ್ಣನಾದ್ದರಿಂದ ತಂಗಿಯ ಮನೆಗೆ ಬಂದುಹೋಗಲು ಅಡ್ಡಿಯಿಲ್ಲ. ಹಬ್ಬಕ್ಕೆ ಹೆಂಡತಿಯೊಂದಿಗೆ ಬರುತ್ತಾನೆ, ಮಗಳನ್ನು ಎತ್ತಿಕೊಳ್ಳುತ್ತಾನೆ. ತಪ್ಪು ತಿಳುವಳಿಕೆಯಲ್ಲಿ ಹುಟ್ಟಿದ ಮಗುವಿಗೆ ನಸಬ್ ತಂದೆಯದ್ದೇ. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

"ಅವಳು ಒಳ್ಳೆಯವಳು," ಎಂದಳು ಝುಬೈದಾ, ಹಲ್ಲಿನಲ್ಲಿ ದಾರ ಕತ್ತರಿಸಿ. "ನನ್ನನ್ನು ನಾದಿನಿ ಅಂತಾಳೆ. ಮೊದಲ ಸಲ ಕೇಳಿದಾಗ ಈ ಸೂಜಿ ಬೆರಳ ಒಳಗೇ ಹೋಗಿತ್ತು. ಈಗ ಅಭ್ಯಾಸ ಆಯ್ತು."

"ಝುಬೈದಾ, ಒಂದು ವೇಳೆ ಆ ಲೆಕ್ಕ..." ಮಿಸ್ರಿಯಾ ಮಾತು ಹುಡುಕಿದಳು. "ಒಂದು ವೇಳೆ ಯಂತ್ರ ತಪ್ಪಿದ್ರೆ?"

ಝುಬೈದಾಳ ಕಾಲು ಪೆಡಲಿನ ಮೇಲೆ ನಿಂತಿತು. ಅವಳು ಬಾಗಿಲ ಕಡೆ ನೋಡಿ, ಮೆಲ್ಲನೆ ಹೇಳಿದಳು. "ಅಕ್ಕ, ಆ ಮಾತು ನನ್ನ ಹತ್ರ ಆಡ್ಬೇಡಿ. ಅವ ಬಂದು ಈ ಮಂಚದಲ್ಲಿ ಕೂತು ಅವಳ ಬೆನ್ನಿಗೆ ದಿಂಬು ಕೊಡ್ತಾನೆ. ನಾನು ಚಾ ಮಾಡಿ ತರ್ತೇನೆ. ಅವ ನನ್ನ ಅಣ್ಣ, ಆರು ಸಲ, ಅಲ್ಲಾಹನ ಹುಕುಂ ಅಂತ ಮನಸ್ಸಿಗೆ ಹೇಳಿಕೊಂಡೇ ಆ ಚಾಕ್ಕೆ ಸಕ್ಕರೆ ಹಾಕುದು. ಆರಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವತ್ತೇ ನಾನು ಬಾವಿಗೆ ಹಾರ್ತೇನೆ." ಆಮೇಲೆ ತಲೆ ಎತ್ತಿ ಮಿಸ್ರಿಯಾಳ ಮುಖವನ್ನೇ ನೋಡಿದಳು. "ಯಾಕೆ ಕೇಳಿದ್ರಿ?"

"ಸುಮ್ಮನೆ," ಎಂದಳು ಮಿಸ್ರಿಯಾ. "ಪತ್ರಿಕೆಯಲ್ಲಿ ಎಂತದೋ ಬರೆದಿದ್ರು."

ದಾರಿಯುದ್ದಕ್ಕೂ ಅವಳು ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಹೇಳಿದರೆ ಝುಬೈದಾ ಸಾಯುತ್ತಾಳೆ. ಹಾಗಾದರೆ ಹೇಳದಿರುವುದೇ ದಯೆ. ಹೇಳಿದ ಕ್ಷಣವೇ ಯಂತ್ರ ನಿಲ್ಲಿಸುತ್ತಾರೆ, ತನಿಖೆ ಎನ್ನುತ್ತಾರೆ, ಎಲ್ಲ ಪತ್ರಗಳನ್ನೂ ತಡೆಹಿಡಿಯುತ್ತಾರೆ. ಗುರುವಾರ ಗುರುವಾರವಾಗಿ ಉಳಿಯುವುದಿಲ್ಲ. ಅಲ್ಲದೆ, ತನ್ನ ಮದುವೆ ಮುರಿಯುವ ಹೊತ್ತಿಗೆ ಸರಿಯಾಗಿ ಲೆಕ್ಕ ತಪ್ಪೆಂದರೆ ನಂಬುವವರು ಯಾರು? ಸಿನಾನ್ ನಂಬುತ್ತಾನೆಯೇ? ಗುರುವಾರ ಕಳೆಯಲಿ. ಕಳೆದ ಮೇಲೆ ಎಲ್ಲವನ್ನೂ ಹೇಳಿಬಿಡುವುದು. ಒಂದು ವಾರ, ಅಷ್ಟೇ ತಾನೇ.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಹದಿನೈದನ್ನು ಅಳಿಸಿ ನಲವತ್ತೈದು ಎಂದು ಬರೆದಳು. ಸಿನಾನ್‌ನ ಗೆರೆ ಒಮ್ಮೆ ಅಲುಗಿತು. ಐದನೆಯ ಉಬ್ಬು ನಾಲ್ಕನೆಯದರಲ್ಲಿ, ಎರಡನೆಯದು ಮೊದಲನೆಯದರಲ್ಲಿ ಕರಗಿ, ಮೂರು ದುಂಡಗಿನ ಉಬ್ಬುಗಳು ನಿಂತವು. ಅತ್ತೆಯ ಅಕ್ಕ ಎಣಿಸಿದ ಮೂರು. ಮುದ್ರಿಸಿದಳು. ನಲವತ್ತೈದನ್ನು ಅಳಿಸಿ ಮತ್ತೆ ಹದಿನೈದು ಎಂದು ಬರೆದಳು.

ಹಂಝ ಉಸ್ತಾದರು ಕನ್ನಡಕ ಏರಿಸಿ ಪತ್ರ ಓದಿದರು. "ಮೂರು. ಅಲ್‌ಹಮ್ದುಲಿಲ್ಲಾಹ್. ಯಾರ ಹಾಲಮ್ಮ ಇದು?"

"ನನ್ನ ಉಮ್ಮನದ್ದು ಉಸ್ತಾದ್. ಹೆರಿಗೆ ವಾರ್ಡಿನಲ್ಲಿ."

"ಸುಬ್‌ಹಾನಲ್ಲಾಹ್! ಇನ್ನೆರಡು ಸಲ ಆಗಿದ್ರೆ ನೀವು ಅಣ್ಣ ತಂಗಿ ಆಗ್ತಿದ್ರಿ." ಮುದುಕರು ಸಹಿ ಹಾಕಲು ಪೆನ್ನೆತ್ತಿ, ಏನೋ ನೆನಪಾದವರಂತೆ ತಡೆದರು. "ಅಲ್ಲಮ್ಮ, ಮೊನ್ನೆ ಮಕ್ಕಳಿಗೆ ಪಾಠ ಮಾಡುವಾಗ ಕಿತಾಬಿನಲ್ಲಿ ನೋಡಿದೆ. ಮಗು ಒಂದು ಮೊಲೆಯಿಂದ ಇನ್ನೊಂದಕ್ಕೆ ಹೋದ್ರೂ ಅದು ಒಂದೇ ಸಲ ಅಂತ ಲೆಕ್ಕ. ನಿಮ್ಮ ಯಂತ್ರಕ್ಕೆ ಅದು ಗೊತ್ತುಂಟಲ್ಲ?"

ಕಿಟಕಿಯ ಹೊರಗೆ ಮದರಸದ ಮಕ್ಕಳು ಗದ್ದಲ ಮಾಡಿಕೊಂಡು ನೀರಿನ ನಲ್ಲಿಗೆ ಓಡುತ್ತಿದ್ದರು. ಉಸ್ತಾದರು ಪೆನ್ನು ಹಿಡಿದು ಕಾಯುತ್ತಿದ್ದರು. ಆ ಕಣ್ಣುಗಳಲ್ಲಿ ಸಂಶಯ ಇರಲಿಲ್ಲ, ಬರೀ ಕುತೂಹಲ.

"ಗೊತ್ತುಂಟು ಉಸ್ತಾದ್," ಎಂದಳು ಮಿಸ್ರಿಯಾ.

ಅವರು ಸಹಿ ಹಾಕಿದರು.

ಗುರುವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಈ ಸಲ ಗರ್ಭ ಕಚ್ಚಿತು. ಸಿನಾನ್ ಆ ಸುದ್ದಿ ಕೇಳಿದ ದಿನ ದಕ್ಕೆಯ ಕೆಲಸಗಾರರಿಗೆಲ್ಲ ತುಪ್ಪದನ್ನ ಹಂಚಿದ. ಹದಿನೈದು ಮಾತ್ರ ಹದಿನೈದಾಗಿಯೇ ಉಳಿಯಿತು. ಗುರುವಾರ ಕಳೆದ ಮೇಲೆ ಹೇಳುವುದೆಂದಿದ್ದದ್ದು, ಮೂರು ತಿಂಗಳಾಗಲಿ, ಈಗ ಮನಸ್ಸಿಗೆ ಗಾಬರಿ ಮಾಡಿಕೊಳ್ಳಬಾರದು ಎಂದಾಯಿತು. ಮೂರು ತಿಂಗಳಾದ ಮೇಲೆ, ಹೆರಿಗೆಯಾಗಲಿ ಎಂದಾಯಿತು. ಆ ನಡುವೆ ನೂರಾರು ಜನ ಬಂದುಹೋದರು. ಹೆಚ್ಚಿನವರ ಗೆರೆ ನೇರವಾಗಿಯೇ ಇರುತ್ತಿತ್ತು, ಪುಣ್ಯಕ್ಕೆ.

ಐದನೆಯ ತಿಂಗಳಲ್ಲಿ ಒಂದು ಸೋಮವಾರ ಸಫ್ವಾನ್ ಮತ್ತು ತಸ್ಲೀಮಾ ಬಂದರು. ನಿಕಾಹ್‌ಗೆ ಹನ್ನೆರಡು ದಿನ ಉಳಿದಿತ್ತು. ಹುಡುಗಿಯ ಮಾಮಿ, ಅವಳ ಅಪ್ಪನ ತಂಗಿ, ಜೊತೆಗಿದ್ದರು. ಇನ್ನೂ ನಿಕಾಹ್ ಆಗಿಲ್ಲವಲ್ಲ, ಇಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಆ ಖಾಲಿ ಕುರ್ಚಿಯ ಮೇಲೆ ಹುಡುಗ ಒಂದು ಪೊಟ್ಟಣ ಹಲ್ವ ಇಟ್ಟಿದ್ದ. ಹುಡುಗಿ ಅತ್ತ ನೋಡದೆಯೇ ಕೈ ಚಾಚಿ ಒಂದೊಂದೇ ತುಂಡು ತಿನ್ನುತ್ತಿದ್ದಳು. ಮಿಸ್ರಿಯಾ ನಗುತ್ತಲೇ ರಕ್ತ ತೆಗೆದಳು.

ಪರದೆಯ ಮೇಲೆ ಆರು ಉಬ್ಬು ಬಂದವು. ಎರಡೆರಡಾಗಿ, ಮಸೀದಿಯ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳ ಹಾಗೆ, ಮೂರು ಜೊತೆ. ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿ ಮೂರು ಜೊತೆ.

"ಇವಳ ಉಮ್ಮ ಅವನಿಗೆ ಹಾಲು ಕೊಟ್ಟದ್ದುಂಟು," ಎಂದರು ಮಾಮಿ. "ಆದ್ರೆ ಎರಡೋ ಮೂರೋ ಸಲ, ಅಷ್ಟೇ. ಹೌದಲ್ಲ ಮೇಡಂ?"

ಮಿಸ್ರಿಯಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೀಲಿಮಣೆ ಕೈಗೆಟುಕುವಷ್ಟು ಹತ್ತಿರವಿತ್ತು. ಇವರಿಗೂ ಒಂದು ಸಲ ನಲವತ್ತೈದು ಬರೆಯಬಹುದು. ಆದರೆ ಮಾಮಿ ಬೆನ್ನ ಹಿಂದೆಯೇ ಬಂದು ನಿಂತು, ತುಟಿಯಲ್ಲೇ ಉಬ್ಬುಗಳನ್ನು ಎಣಿಸತೊಡಗಿದ್ದರು. ಒಂದು, ಎರಡು, ಮೂರು, ನಾಲ್ಕು... ಈಗ ಬದಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಯಾವಾಗಿನಿಂದ ಎಂದು ಕೇಳುತ್ತಾರೆ. ಹೊಟ್ಟೆಯ ಒಳಗೆ ಮಗು ಮೀನಿನ ಹಾಗೆ ಒಮ್ಮೆ ಹೊರಳಿತು.

"ಆರು," ಎಂದಳು ಮಿಸ್ರಿಯಾ.

ತಸ್ಲೀಮಾಳ ಕೈಯಲ್ಲಿ ಹಲ್ವದ ತುಂಡು ಹಾಗೇ ಉಳಿಯಿತು. "ಇನ್ನೊಮ್ಮೆ ನೋಡ್ತೀರಾ ಮೇಡಂ?"

ಮಿಸ್ರಿಯಾ ಇನ್ನೊಮ್ಮೆ ನೋಡಿದಳು. ನೋಡುವವಳಂತೆ ಮುಂದಕ್ಕೆ ಬಾಗಿ, ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿ, ಒಂದೊಂದಾಗಿ ಎಣಿಸಿದಳು.

"ಆರೇ ಮಗಳೇ."

ಹುಡುಗಿ ಅಳಲು ತೊಡಗಿದಾಗ ಹುಡುಗ ಎದ್ದ; ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಮಾಮಿ ಸೆರಗಿನಿಂದ ಮೂಗು ಒರೆಸಿಕೊಂಡು, ಅವನ ತಲೆಯ ಮೇಲೆ ಕೈಯಿಟ್ಟರು.

"ಹೋಗು, ಅವಳ ಹತ್ರ ಹೋಗಿ ಕೂತ್ಕೊ," ಎಂದರು. "ಅಣ್ಣ ತಂಗಿ ಅಂತ ಆಯ್ತು, ಇನ್ನು ತೊಂದರೆ ಇಲ್ಲವಲ್ಲ."

ಸಫ್ವಾನ್ ಹಲ್ವದ ಪೊಟ್ಟಣವನ್ನು ಎತ್ತಿ ನೆಲಕ್ಕಿಟ್ಟು, ನಡುವಿನ ಕುರ್ಚಿಗೆ ಸರಿದು ಕೂತ. ತಸ್ಲೀಮಾ ಅವನ ಭುಜಕ್ಕೆ ಹಣೆ ಇಟ್ಟಳು.